ಅಕ್ಕನತ್ರ ಕೇಳಿ: ಹಳೇ ಬ್ಲೌಸು, ಈಗಿನ ಮೈ, ಎಂಟೂಕಾಲರ ಬಸ್ಸು

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಬದಿಯಡ್ಕದ ಹತ್ರ ಮನೆ, ಕಾಸರಗೋಡಿನಲ್ಲಿ ಆಫೀಸ್ ಕೆಲಸ. ಮಗಳು ಒಂದನೇ ಕ್ಲಾಸು, ಸಣ್ಣವನಿಗೆ ಒಂದೂವರೆ ವರ್ಷ. ಬೆಳಿಗ್ಗೆ ತಿಂಡಿ, ಬುತ್ತಿ, ಮಗಳ ಜಡೆ ಎಲ್ಲಾ ಮುಗಿಸಿ ಎಂಟೂಕಾಲರ ಬಸ್ಸು ಹಿಡೀಬೇಕು, ನನಗೆ ಅಂತ ಉಳಿಯುದು ಹತ್ತು ನಿಮಿಷ. ಕಪಾಟು ತುಂಬ ಬಟ್ಟೆ ಉಂಟು, ಹಾಕ್ಲಿಕ್ಕೆ ಒಂದೂ ಇಲ್ಲ. ಮದುವೆಗೆ ಮುಂಚಿನ ಚೂಡಿದಾರ ಆಗುದಿಲ್ಲ, ಬ್ಲೌಸಿನ ಕೈ ಮೇಲೆ ಏರುದೇ ಇಲ್ಲ, ಆನ್‌ಲೈನಲ್ಲಿ ತರಿಸಿದ್ದು ಒಂದು ಬಿಗಿ ಒಂದು ದೊಗಳೆ. ಎರಡೇ ಕುರ್ತಿ ತಿರುಗಿಸಿ ತಿರುಗಿಸಿ ಹಾಕ್ತಾ ಇದ್ದೇನೆ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಸಂಬಂಧಿಕರೊಬ್ರು ಎಲ್ಲರ ಎದುರು "ಎಂತ ನೀನು ಹೀಗಾಗಿದ್ದಿ" ಅಂತ ಕೇಳಿದ್ರು, ಮನೆಗೆ ಬಂದು ಕೂಗಿದೆ. ತೂಕ ಇಳಿಸಿ ಮತ್ತೆ ಬಟ್ಟೆ ತೆಗೊಳ್ಳುವಾ ಅಂತ ಇದ್ದೇನೆ. ಎಲ್ಲಿಂದ ಶುರು ಮಾಡ್ಲಿ?
ಓದುಗರು, ಬದಿಯಡ್ಕ

ಉತ್ತರ: ಮೊದ್ಲು ಆ ಕಾಯುದನ್ನು ಬಿಡಿ ತಂಗಿ. ತೂಕ ಇಳಿದ ಮೇಲೆ ಒಳ್ಳೆ ಬಟ್ಟೆ ಅಂತ ಹೇಳ್ಕೊಂಡು ಎಷ್ಟು ಜನ ತಾಯಂದಿರು ವರ್ಷಗಟ್ಟಲೆ ನೈಟಿಯಲ್ಲೇ ಕಳೀತಾರೆ ಅಂತ ಹೊಲಿಗೆ ಮೆಶಿನಿನ ಎದುರು ಕೂತು ನೋಡ್ತಾ ಬಂದವಳು ನಾನು, ನನಗೆ ಅದು ನೋಡುವಾಗೆಲ್ಲಾ ಸಂಕಟ ಆಗ್ತದೆ. ಎರಡು ಮಕ್ಕಳನ್ನು ಹೆತ್ತ ಮೈ ಅದು. ಎದೆ ಅಳತೆ ಬದಲಾಗ್ತದೆ, ಸೊಂಟ ಅಗಲ ಆಗ್ತದೆ, ತೋಳು ತುಂಬ್ತದೆ, ಕೆಲವರಿಗೆ ಬಸುರಿಯಲ್ಲಿ ಪಾದ ಕೂಡ ಚೂರು ದೊಡ್ಡದಾಗಿ ಹಾಗೇ ಉಳೀತದೆ, ಹೆರಿಗೆ ಆದ ಮೇಲೆ ಹಳೇ ಚಪ್ಪಲಿ ಎಲ್ಲಾ ಕಚ್ಲಿಕ್ಕೆ ಶುರು ಅಂತ ಹೇಳುವವರು ಇದೇ ಕಾರಣಕ್ಕೆ ಹೇಳುದು. ಈ ಮೈ ಈಗ ದಿನಾ ಕೆಲಸಕ್ಕೆ ಹೋಗ್ತಾ ಉಂಟು, ಮಗುವನ್ನು ಎತ್ತುತ್ತಾ ಉಂಟು, ಅದಕ್ಕೆ ಬಟ್ಟೆ ಬೇಕಾದ್ದು ಈಗ. ನಾಳೆ ತೂಕ ಇಳಿದ್ರೆ ಎರಡೂ ಬದಿಗೆ ಒಂದೊಂದು ಹೊಲಿಗೆ ಒಳಗೆ ಹಾಕಿಸಿದ್ರಾಯ್ತು, ಅದು ಟೈಲರಿಗೆ ದೊಡ್ಡ ಕೆಲಸವೇ ಅಲ್ಲ.

ಹೊಸತು ತೆಗೊಳ್ಳುವ ಮೊದ್ಲು ಒಂದು ಆದಿತ್ಯವಾರ ಸಣ್ಣವ ಮಲಗಿದಾಗ ಕಪಾಟು ಪೂರಾ ಹಾಸಿಗೆ ಮೇಲೆ ಖಾಲಿ ಮಾಡಿ. ಈಗ ಆಗುವಂಥದ್ದು ಒಂದು ಕಡೆ. ಬಿಚ್ಚಿ ಹೊಲಿಸಿದ್ರೆ ಆಗುವಂಥದ್ದು ಇನ್ನೊಂದು ಕಡೆ. ಬಾಕಿದ್ದನ್ನು ಕೊಡ್ಲಿಕ್ಕೆ ಮನಸ್ಸು ಬಾರದಿದ್ರೆ ಒಂದು ಚೀಲಕ್ಕೆ ಹಾಕಿ ಅಟ್ಟಕ್ಕೆ ಹಾಕಿ, ಆದ್ರೆ ಕಪಾಟಿನಲ್ಲಿ ಇಡ್ಬೇಡಿ, ಯಾಕಂದ್ರೆ ದಿನಾ ಬೆಳಿಗ್ಗೆ ಬಾಗಿಲು ತೆಗ್ದ ಕೂಡ್ಲೇ "ನೀನು ದಪ್ಪ ಆಗಿದ್ದಿ" ಅಂತ ಹೇಳುವ ಬಟ್ಟೆ ಕಣ್ಣೆದುರು ಇರುದು ಬೇಡ.

ಈಗ ಆ ಬ್ಲೌಸು. ಕೈ ಏರುದಿಲ್ಲ ಅಂದ ಕೂಡ್ಲೇ ಬಿಸಾಡ್ಬೇಡಿ, ಒಳಮೈ ಹೊರಗೆ ಮಾಡಿ ಪಕ್ಕದ ಹೊಲಿಗೆ ನೋಡಿ. ಕಂಕುಳದಿಂದ ಸೊಂಟದವರೆಗೆ ಎರಡೋ ಮೂರೋ ಸಾಲು ಹೊಲಿಗೆ ಕಾಣ್ತದೆ, ಅದರ ಆಚೆ ಒಂದು ಬೆರಳಷ್ಟೋ ಎರಡು ಬೆರಳಷ್ಟೋ ಬಟ್ಟೆ ಮಡಚಿ ಬಿಟ್ಟಿರ್ತಾರೆ, ಅದೇ ಮಾರ್ಜಿನ್. ಒಳಗಿನ ಸಾಲು ಒಂದನ್ನು ಬ್ಲೇಡಿನಲ್ಲಿ ಜಾಗ್ರತೆಯಿಂದ ಬಿಚ್ಚಿದ್ರೆ ಬ್ಲೌಸು ರಪಕ್ಕ ಸಡಿಲ ಆಗ್ತದೆ, ಕೈಗೂ ಹಾಗೇ. ಮಾರ್ಜಿನ್ ಇಲ್ಲದಿದ್ರೆ ಕಂಕುಳದ ಕೆಳಗೆ ಅದೇ ಬಣ್ಣದ ತುಂಡು ಇಟ್ಟು ಹೊಲೀಬಹುದು, ಕೈ ಎತ್ತಿದ್ರೆ ಮಾತ್ರ ಕಾಣುದು. ಹಳೇ ಹೊಲಿಗೆ ಇದ್ದ ಗೆರೆ ಒಗೆದ ಹಾಗೆ ಹೆಚ್ಚಾಗಿ ಮಾಸ್ತದೆ. ಇನ್ನು ಮುಂದೆ ಯಾವುದೇ ಬ್ಲೌಸ್, ಚೂಡಿದಾರ ಹೊಲಿಸ್ಲಿಕ್ಕೆ ಕೊಡುವಾಗ "ಮಾರ್ಜಿನ್ ಜಾಸ್ತಿ ಬಿಡಿ" ಅಂತ ಬಾಯಿಬಿಟ್ಟು ಹೇಳಿ, ಮತ್ತೆ ಕಾಟನ್ ಬಟ್ಟೆಯಾದ್ರೆ ಕೊಡುವ ಮೊದ್ಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಕೊಡಿ, ಕುಗ್ಗುವಷ್ಟು ಕುಗ್ಗಿಯೇ ಟೈಲರಿನ ಹತ್ರ ಹೋಗ್ಲಿ.

ಆನ್‌ಲೈನಿನದ್ದು ಬಿಗಿ ಆಗುದು ದೊಗಳೆ ಆಗುದು ನಿಮ್ಮ ಮೈಯ ತಪ್ಪಲ್ಲ ಮಾರಾಯ್ತಿ, ಒಂದು ಕಂಪೆನಿಯ ಎಲ್ ಇನ್ನೊಂದು ಕಂಪೆನಿಯ ಎಂ ಆಗಿರ್ತದೆ. ಅಕ್ಷರ ನೋಡ್ಬೇಡಿ, ಇಂಚು ನೋಡಿ. ಈಗ ನೀವು ತಿರುಗಿಸಿ ಹಾಕುವ ಎರಡು ಕುರ್ತಿ ಉಂಟಲ್ಲ, ಅದರಲ್ಲಿ ಹೆಚ್ಚು ಆರಾಮಿನದ್ದನ್ನು ನೆಲದ ಮೇಲೆ ಸುಕ್ಕಿಲ್ಲದ ಹಾಗೆ ಹಾಸಿ, ಈ ಕಂಕುಳದಿಂದ ಆ ಕಂಕುಳಕ್ಕೆ ಟೇಪು ಹಿಡೀರಿ, 20 ಇಂಚು ಬಂದ್ರೆ ಸುತ್ತಳತೆ 40. ಹಾಗೇ ಭುಜ, ಕೈಯ ಸುತ್ತು, ಉದ್ದ. ನಾಲ್ಕೇ ನಂಬರು, ಫೋನಿನಲ್ಲಿ ಬರೆದಿಡಿ. ಸೈಜ್ ಚಾರ್ಟಿನಲ್ಲಿ ಎರಡು ತರ ಇರ್ತದೆ, ಒಂದು ಮೈಯ ಅಳತೆ ಇನ್ನೊಂದು ಬಟ್ಟೆಯ ಅಳತೆ, ಬಟ್ಟೆ ಮೈಗಿಂತ ಎರಡು ಮೂರು ಇಂಚು ದೊಡ್ಡದೇ ಇರ್ಬೇಕು, ಅದು ಯಾವ ಅಳತೆ ಅಂತ ನೋಡದೆ ಆರ್ಡರ್ ಹಾಕುದೇ ಅರ್ಧ ಜನರ ಗೋಳಿಗೆ ಕಾರಣ.

ಎಷ್ಟು ಬೇಕು? ನಿಮಗೆ ವಾರಕ್ಕೆ ಐದಾರು ದಿನ ಆಫೀಸು, ಐದು ಟಾಪು ಎರಡು ಪ್ಯಾಂಟು ಸಾಕು, ಖಂಡಿತಾ ಸಾಕು. ಪ್ಯಾಂಟಿಗೆ ನೇವಿ ಬ್ಲೂ ಒಂದು, ಕಂದು ಅಥವಾ ಮರೂನ್ ಒಂದು ಇಟ್ಟುಕೊಳ್ಳಿ, ಐದೂ ಟಾಪು ಆ ಎರಡಕ್ಕೂ ಆಗ್ಬೇಕು, ಆಗದ್ದನ್ನು ಎಷ್ಟೇ ಚಂದ ಇದ್ರೂ ತೆಗೊಳ್ಬೇಡಿ. ಒಂದೂವರೆ ವರ್ಷದ ಮಗು ಹೆಗಲಿಗೆ ಮುಖ ಒರಸುವ ಕಾಲ, ಬಾಳೆಹಣ್ಣು, ಸಾರು, ಜೊಲ್ಲು ಎಲ್ಲಾ ಆ ಹೆಗಲಿಗೇ, ಹಾಗಾಗಿ ಬಿಳಿ, ತಿಳಿ ಹಳದಿ ಪ್ಲೈನ್ ಬಟ್ಟೆಯನ್ನು ಎರಡು ವರ್ಷಕ್ಕೆ ಮುಂದೆ ಹಾಕಿ, ಸಣ್ಣ ಪ್ರಿಂಟು ಇಡೀ ಮೈಗೆ ಇರುವ ಗಾಢ ಬಣ್ಣ ತೆಗೊಳ್ಳಿ, ಕಲೆ ಗೊತ್ತೇ ಆಗುದಿಲ್ಲ. ಶಾಲು ಬೇಡದ ಹಾಗಿನ ದಪ್ಪ ಬಟ್ಟೆ, ಕುತ್ತಿಗೆ ಅತೀ ಇಳಿಯದ್ದು, ಯಾಕಂದ್ರೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ದು ಇನ್ನೊಂದು ಕೈಯಲ್ಲಿ ಶಾಲು ಸರಿಮಾಡ್ತಾ ಹೋಗುವ ಬಂಙ ಯಾರಿಗೂ ಬೇಡ.

ಮತ್ತೆ ಕಿಸೆ. ಇದನ್ನು ನಾನು ಎಲ್ಲರಿಗೂ ಹೇಳ್ತೇನೆ, ಹೇಳಿ ಹೇಳಿ ಬೊಡಿಯುದಿಲ್ಲ ನನಗೆ. ಕುರ್ತಿಯ ಪಕ್ಕದ ಹೊಲಿಗೆಯಲ್ಲಿ ಒಳಗಿಂದ ಕಿಸೆ ಇಡ್ಲಿಕ್ಕೆ ಟೈಲರಿಗೆ ಸ್ವಲ್ಪವೇ ಬಟ್ಟೆ ಸಾಕು, ರೆಡಿಮೇಡಿಗೂ ಇಡಿಸ್ಬಹುದು. ಫೋನು, ಮನೆ ಕೀ, ಬಸ್ಸಿಗೆ ಚಿಲ್ಲರೆ ಎಲ್ಲಾ ಅದರಲ್ಲಿ. ಮಗುವನ್ನು ಎತ್ತಿಕೊಂಡು ಬ್ಯಾಗಿನೊಳಗೆ ತಡಕಾಡುದು ತಪ್ಪಿದ್ರೆ ನಿಲ್ಲುವ ರೀತಿಯೇ ಬೇರೆ ಆಗ್ತದೆ, ಬೆನ್ನು ನೇರ ಆಗ್ತದೆ, ಅದನ್ನೇ ಜನ ಕಾನ್ಫಿಡೆನ್ಸ್ ಅಂತ ಹೇಳುದು.

ಬೆಳಿಗ್ಗೆ ಎಂತ ಹಾಕುದು ಅಂತ ಯೋಚನೆ ಮಾಡುದೇ ಬೇಡ. ಆದಿತ್ಯವಾರ ಇಸ್ತ್ರಿ ಹಾಕುವಾಗಲೇ ಒಂದೊಂದು ಹ್ಯಾಂಗರಿಗೆ ಒಂದು ಟಾಪು, ಒಳಬಟ್ಟೆ ಸೇರಿಸಿ ತೂಗಾಡ್ಸಿ, ಎರಡು ಪ್ಯಾಂಟು ಪಕ್ಕದಲ್ಲೇ ಇರ್ಲಿ, ಮಳೆಗಾಲದಲ್ಲಿ ನಮ್ಮಲ್ಲಿ ಬೆಳಿಗ್ಗೆ ಕರೆಂಟು ನಂಬಿ ಇಸ್ತ್ರಿಗೆ ನಿಲ್ಲುವ ಹಾಗೆ ಇಲ್ಲ ಅಂತ ನಿಮಗೆ ಹೇಳ್ಬೇಕಾ. ಫಂಕ್ಷನಿಗೆ ಬೇರೆಯೇ ಒಂದು ಕವರ್ ಮಾಡಿ, ಒಂದು ಸೀರೆ, ಅದಕ್ಕೆ ಈಗ ಆಗುವ ಬ್ಲೌಸು, ಲಂಗ, ಪಿನ್ನು, ಬಳೆ, ಎಲ್ಲಾ ಒಟ್ಟಿಗೆ. ಕರೆ ಬಂದ್ರೆ ಕವರ್ ತೆಗ್ದು ಉಟ್ಟು ಹೊರಡುದು.

ಆ ಸಂಬಂಧಿಕರ ವಿಷಯ. ಅವರು ಇನ್ನೊಂದು ಸಲ ಕೇಳಿಯೇ ಕೇಳ್ತಾರೆ. ಜಗಳ ಬೇಡ, ತಲೆ ತಗ್ಗಿಸುದೂ ಬೇಡ. "ಎರಡು ಮಕ್ಕಳಾಯ್ತಲ್ಲ ಅತ್ತೆ, ಚೆನ್ನಾಗಿದ್ದೇನೆ, ನಿಮ್ಮ ಮಂಡಿನೋವು ಹೇಗುಂಟು?" ಅಂತ ಮುಖ ನೋಡಿ ಹೇಳಿ, ಅಷ್ಟೇ. ನಿಮ್ಮ ಮಗಳು ಪಕ್ಕದಲ್ಲೇ ನಿಂತು ಕೇಳ್ತಾ ಇರ್ತಾಳೆ ಅಂತ ನೆನಪಿರ್ಲಿ, ತಾಯಿ ತನ್ನ ಮೈ ಬಗ್ಗೆ ಎಂತ ಹೇಳ್ತಾಳೋ ಅದನ್ನೇ ಅವಳೂ ಕಲಿಯುದು.

ಪ್ರಶ್ನೆ: ಅಕ್ಕ, ಕುಂಬಳೆಯವಳು ನಾನು, ಒಂದು ಖಾಸಗಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಮಗುವಿಗೆ ಏಳು ತಿಂಗಳು, ಇನ್ನೂ ಹಾಲು ಕುಡೀತಾನೆ. ಸೀರೆಯೇ ಉಡ್ಬೇಕು ಅಂತ ಮೇಲಿನವರು ಹೇಳ್ತಾರೆ. ಸಿಸೇರಿಯನ್ ಆದ ಜಾಗಕ್ಕೆ ಲಂಗದ ಲಾಡಿ ಒತ್ತಿ ಉರಿ. ಕೂದಲು ಬೇರೆ ಮುಷ್ಟಿ ಮುಷ್ಟಿ ಉದುರ್ತಾ ಉಂಟು. ಕ್ಲಾಸಿಗೆ ಹೋಗ್ಲಿಕ್ಕೇ ಮನಸ್ಸಿಲ್ಲ.

ಉತ್ತರ: ಸೀರೆ ಇಷ್ಟ ಇದ್ರೆ ಉಡಿ, ಆದ್ರೆ ಉಡ್ಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. 2021ರ ನವೆಂಬರಿನಲ್ಲಿ ಕೇರಳದ ಉನ್ನತ ಶಿಕ್ಷಣ ಇಲಾಖೆ ಆದೇಶವೇ ಹೊರಡಿಸಿದೆ, ಶಿಕ್ಷಕಿಯರು ತಮಗೆ ಆರಾಮಾದ ಮರ್ಯಾದೆಯ ಬಟ್ಟೆ ಹಾಕ್ಬಹುದು, ಸೀರೆ ಕಡ್ಡಾಯ ಮಾಡ್ಬಾರದು ಅಂತ. ಆಗಲೂ ವಿಷಯ ಎದ್ದದ್ದು ಕೆಲವು ಕಾಲೇಜಿನಲ್ಲಿ ಲೆಕ್ಚರರುಗಳಿಗೆ ಸೀರೆ ಉಡ್ಲಿಕ್ಕೆ ಒತ್ತಾಯ ಮಾಡಿದ್ದಕ್ಕೇ. ಆದೇಶದ ಪ್ರತಿ ಒಂದು ಕೈಯಲ್ಲಿ ಇಟ್ಟುಕೊಂಡು ಸಮಾಧಾನದಲ್ಲಿ ಮಾತಾಡಿ, ಒಬ್ಬಳೇ ಹೋಗುದಕ್ಕಿಂತ ನಾಲ್ಕು ಜನ ಲೆಕ್ಚರರುಗಳು ಒಟ್ಟಿಗೆ ಹೋದ್ರೆ ಒಳ್ಳೇದು.

ಸೀರೆ ಉಡುವ ದಿನ ಲಾಡಿಯ ಲಂಗ ಬಿಡಿ. ಅಗಲ ಎಲಾಸ್ಟಿಕ್ಕಿನ, ಗಾಯದ ಗೆರೆಗಿಂತ ಮೇಲೆ ಕೂರುವ ಸೀರೆ ಶೇಪ್‌ವೇರ್ ಸಿಗ್ತದೆ, ಅದು ಬೇಡದಿದ್ರೆ ಹಳೇ ಲಂಗಕ್ಕೇ ಲಾಡಿ ತೆಗ್ದು ನಾಲ್ಕು ಬೆರಳು ಅಗಲದ ಪಟ್ಟಿ ಇಟ್ಟು ಪಕ್ಕಕ್ಕೆ ಹುಕ್ಕು ಹಾಕಿಸಿ, ಭಾರ ಒಂದೇ ಗೆರೆಯಲ್ಲಿ ಬೀಳುದಿಲ್ಲ. ಇದನ್ನು ಬರೇ ಆರಾಮಿಗೆ ಹೇಳುದಲ್ಲ. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತೆ ಬಿಹಾರದ ಮಧುಬನಿಯ ಡಾಕ್ಟರುಗಳು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಬರೆದಿದ್ರು, ವರ್ಷಗಟ್ಟಲೆ ಸೊಂಟಕ್ಕೆ ಬಿಗಿಯಾಗಿ ಕಟ್ಟಿ ಕಟ್ಟಿ ಆದ ಹುಣ್ಣು ಮಾಯದೆ ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ತುಂಬಾ ಅಪರೂಪದ್ದು, ಹೆದರ್ಲಿಕ್ಕೆ ಹೇಳ್ತಾ ಇಲ್ಲ, ಆದ್ರೆ ಸೊಂಟದಲ್ಲಿ ಕಪ್ಪು ಗೆರೆ, ತುರಿಕೆ, ಮಾಯದ ಗಾಯ ಇದ್ರೆ ಅಮ್ಮ, ಅತ್ತೆ ಯಾರಿದ್ರೂ ಡಾಕ್ಟರಿಗೆ ತೋರಿಸಿ. ನಿಮ್ಮ ಆಪರೇಶನ್ ಜಾಗದ ಉರಿಯನ್ನೂ ಒಮ್ಮೆ ತೋರಿಸಿ ಬನ್ನಿ.

ಹಾಲು ಕೊಡ್ಲಿಕ್ಕೆ ಬ್ಲೌಸು ಎದುರು ಹುಕ್ಕಿನದ್ದೇ ಇರ್ಲಿ, ಬೆನ್ನ ಹುಕ್ಕಿನ ಫ್ಯಾಶನ್ ಒಂದು ವರ್ಷ ಕಾಯ್ಲಿ. ಕುರ್ತಿಗೆ ಎದೆಯ ಎರಡೂ ಬದಿ ಉದ್ದದ ಗುಪ್ತ ಝಿಪ್ಪು ನಮ್ಮ ಪೇಟೆಯ ಟೈಲರುಗಳೇ ಇಡ್ತಾರೆ. ಹಾಲು ಸೋರಿದ್ರೆ ಕಾಣದ ಹಾಗೆ ಪ್ರಿಂಟು, ಒಳಗೆ ಹತ್ತಿಯ ಪ್ಯಾಡು. ಕೂದಲಿಗೆ ಹೆದರ್ಬೇಡಿ, ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಜೋರು ಉದುರ್ಲಿಕ್ಕೆ ಶುರುವಾಗಿ ಹೆಚ್ಚಿನವರಿಗೆ ಮಗುವಿನ ಮೊದಲ ಹುಟ್ಟುಹಬ್ಬ ಬರುವಾಗ ಸರಿ ಆಗ್ತಾ ಬರ್ತದೆ, ಬಸುರಿಯಲ್ಲಿ ಉದುರದೆ ನಿಂತದ್ದೇ ಈಗ ಒಟ್ಟಿಗೆ ಉದುರುದು. ವರ್ಷ ಕಳೆದ್ರೂ ನಿಲ್ಲದಿದ್ರೆ ಥೈರಾಯ್ಡ್, ರಕ್ತಹೀನತೆ ಟೆಸ್ಟ್ ಮಾಡಿಸಿ. ಅಷ್ಟರವರೆಗೆ ಬಿಗಿ ಜಡೆ ಬೇಡ, ಭುಜದವರೆಗೆ ಕಟ್ ಮಾಡಿಸಿ ಕ್ಲಿಪ್ ಹಾಕಿ, ಚಂದವೇ ಕಾಣ್ತದೆ.

ಪ್ರಶ್ನೆ: ಮಂಜೇಶ್ವರದಿಂದ ದಿನಾ ಟ್ರೈನಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ತಾಯಿ ನಾನು. ಜೂನ್ ಬಂದ್ರೆ ಸ್ಟೈಲು ಎಲ್ಲಾ ಮುಗೀತು, ಬಟ್ಟೆ ಒಣಗುದಿಲ್ಲ, ಕಪಾಟು ಪೂರಾ ಮುಗ್ಗುಲು ವಾಸನೆ. ಆಫೀಸಿನಲ್ಲಿ ಪಕ್ಕ ಕೂರುವವರಿಗೆ ವಾಸನೆ ಬರ್ತದೋ ಅಂತ ಇಡೀ ದಿನ ಮುದುಡಿ ಕೂರ್ತೇನೆ.

ಉತ್ತರ: ಜೂನಿನಿಂದ ಸೆಪ್ಟೆಂಬರ್ ವರೆಗೆ ನಮ್ಮದು ಬೇರೆಯೇ ಊರು ಅಂತ ತಿಳ್ಕೊಳ್ಳಿ, ಬಟ್ಟೆಯೂ ಬೇರೆ. ದಪ್ಪ ಕಾಟನ್, ಜೀನ್ಸ್, ಪಲಾಝೋ ಎಲ್ಲಾ ಮೇ ಕೊನೆಗೆ ಮೇಲೆ ಇಡಿ. ರೇಯಾನ್ ನೋಡ್ಲಿಕ್ಕೆ ಚಂದ, ಆದ್ರೆ ಒದ್ದೆಯಾದ್ರೆ ಅದರ ನೂಲಿನ ಬಲವೇ ಕಡಿಮೆ ಆಗ್ತದೆ, ಹಿಂಡಿದ್ರೆ ಎಳ್ಕೊಂಡು ಹೋಗ್ತದೆ, ಮಳೆಗೆ ಬೇಡ. ಪಾಲಿಯೆಸ್ಟರ್ ಬೇಗ ಒಣಗ್ತದೆ ಹೌದು, ಆದ್ರೆ ಬೆವರಿನ ವಾಸನೆ ಹಿಡ್ಕೊಳ್ತದೆ. ಹಾಗಾಗಿ ಕಾಟನ್ ಪಾಲಿಯೆಸ್ಟರ್ ಮಿಕ್ಸ್ ಇರುವ ತೆಳು ಕುರ್ತಿ, ಪಾದದ ಗಂಟಿನಿಂದ ಮೇಲೆ ನಿಲ್ಲುವ ಪ್ಯಾಂಟು, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಆಫೀಸಿನ ಡ್ರಾಯರಿನಲ್ಲಿ ಒಂದು ಜೊತೆ ಒಣ ಚಪ್ಪಲಿ, ಸಣ್ಣ ಟವಲು ಇಟ್ಟುಬಿಡಿ.

ವಾಸನೆ ಬರುದು ನಿಧಾನಕ್ಕೆ ಒಣಗಿದ್ದಕ್ಕೆ. ರಾತ್ರಿ ಒಗೆದು ನೀರು ಪೂರಾ ಹಿಂಡಿ, ಹ್ಯಾಂಗರಿಗೆ ಹಾಕಿ ಒಂದಕ್ಕೊಂದು ತಾಗದ ಹಾಗೆ ಫ್ಯಾನಿನ ಕೆಳಗೆ ತೂಗಾಡ್ಸಿ. ಬೆಳಿಗ್ಗೆ ಚೂರು ತಂಪು ಇದ್ರೆ ಇಸ್ತ್ರಿ ಹಾಕಿ ಒಣಗಿಸಿಯೇ ಕಪಾಟಿಗೆ ಇಡಿ, ತಂಪು ಇರುವ ಒಂದು ಬಟ್ಟೆ ಸಾಕು ಇಡೀ ಕಪಾಟು ಹಾಳಾಗ್ಲಿಕ್ಕೆ. ಬಿಸಿಲು ಬಂದ ದಿನ ಕಪಾಟಿನ ಬಾಗಿಲು ತೆಗ್ದಿಡಿ. ವಾಸನೆಗೆ ಲಾವಂಚದ ಬೇರು ಬಟ್ಟೆಯಲ್ಲಿ ಕಟ್ಟಿ ಇಡ್ಬಹುದು.

ಒಂದು ಮಾತು ಜೋರಾಗಿ ಹೇಳ್ತೇನೆ, ಮಕ್ಕಳ ಬಟ್ಟೆ ಇರುವ ಕಪಾಟಿಗೆ ನುಸಿಗುಳಿಗೆ, ಅದೇ ನ್ಯಾಫ್ತಲಿನ್ ಬಾಲು, ಹಾಕ್ಬೇಡಿ. ಜಿ6ಪಿಡಿ ಅಂತ ಒಂದು ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರ ಹೊಗೆಯಿಂದ, ಆ ಬಟ್ಟೆ ಹಾಕಿದ್ದರಿಂದಲೇ, ರಕ್ತದ ಕೆಂಪುಕಣ ಒಡೆದು ಕಾಮಾಲೆ ಬರ್ಬಹುದು. ಕೊರತೆ ಉಂಟು ಅಂತ ಟೆಸ್ಟ್ ಮಾಡುವವರೆಗೆ ಗೊತ್ತಾಗುದೂ ಇಲ್ಲ.

ಪ್ರಶ್ನೆ: ನೀರ್ಚಾಲಿನಿಂದ ಬರೆಯುದು. 46 ವರ್ಷ, ಮಕ್ಕಳು ಕಾಲೇಜು. ಇಷ್ಟು ವರ್ಷ ಮನೆ, ತೋಟ, ಮಕ್ಕಳು ಅಂತ ನನ್ನ ಉಡುಗೆ ನೋಡಿದ್ದೇ ಇಲ್ಲ, ಈಗ ಬ್ಯಾಂಕು, ಸೊಸೈಟಿ ಮೀಟಿಂಗು ಅಂತ ಹೊರಗೆ ಹೋಗ್ಲಿಕ್ಕುಂಟು. ಅಮ್ಮನ ಕಾಸರಗೋಡು ಸೀರೆಗಳು ಪೆಟ್ಟಿಗೆಯಲ್ಲಿ ಉಂಟು. ಅದನ್ನು ಉಟ್ರೆ ಅಜ್ಜಿಯ ಹಾಗೆ ಕಾಣ್ತದಾ? ಈ ವಯಸ್ಸಿಗೆ ಚೂಡಿದಾರ ಶುರು ಮಾಡಿದ್ರೆ ಜನ ಎಂತ ಹೇಳ್ತಾರೋ?

ಉತ್ತರ: ಚೂಡಿದಾರಕ್ಕೆ ವಯಸ್ಸಿಲ್ಲ, ತೋಟಕ್ಕೆ, ಸ್ಕೂಟರಿಗೆ ಅದೇ ಅನುಕೂಲ, ನಾಳೆಯೇ ಹೊಲಿಸಿ. ಆದ್ರೆ ಆ ಪೆಟ್ಟಿಗೆಯ ವಿಷಯ ಓದಿ ನನಗೆ ಆದ ಖುಷಿ ಹೇಳ್ಲಿಕ್ಕಿಲ್ಲ. ಕಾಸರಗೋಡು ಸೀರೆ ಅಂದ್ರೆ ಕೈಮಗ್ಗದ ಕಾಟನ್, ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ವಿಶೇಷ ಅಂತ ಸರಕಾರ ಕೊಡುವ ಗುರುತು, ಇರುವ ಸೀರೆ, ವಿದ್ಯಾನಗರದ ಉದಯಗಿರಿಯಲ್ಲಿ 1938ರಿಂದ ಇರುವ ನೇಕಾರರ ಸಹಕಾರಿ ಸಂಘದಲ್ಲಿ ಈಗಲೂ ನೇಯ್ತಾರೆ, ನೇಯುವವರು ಮಾತ್ರ ಕಡಿಮೆ ಆಗ್ತಾ ಬಂದಿದ್ದಾರೆ. ಬಣ್ಣ ಬಿಡುದಿಲ್ಲ, ಒಗೆದಷ್ಟೂ ಮೆತ್ತಗೆ ಆಗ್ತದೆ, ನಮ್ಮ ಸೆಖೆಗೆ ಇದಕ್ಕಿಂತ ಒಳ್ಳೆ ಬಟ್ಟೆ ನನಗೆ ಗೊತ್ತಿಲ್ಲ.

ಅಜ್ಜಿಯ ಹಾಗೆ ಕಾಣುದು ಸೀರೆಯಿಂದ ಅಲ್ಲ, ಹಳೇ ದೊಗಳೆ ಬ್ಲೌಸಿನಿಂದ, ಒಟ್ರಾಶಿ ಸುತ್ತಿದ್ದರಿಂದ. ಭುಜಕ್ಕೆ ಸರಿ ಕೂರುವ, ಕೈ ಮೊಣಕೈವರೆಗೆ ಬರುವ ಮೂರು ಬ್ಲೌಸು ಹೊಲಿಸಿ, ಕಪ್ಪು ಒಂದು, ಮರೂನ್ ಒಂದು, ಕಲಂಕಾರಿ ಪ್ರಿಂಟಿನದ್ದು ಒಂದು, ಪೆಟ್ಟಿಗೆಯ ಎಲ್ಲಾ ಸೀರೆಗೂ ಈ ಮೂರರಲ್ಲಿ ಒಂದು ಹೊಂದಿಯೇ ಹೊಂದ್ತದೆ. ಮಡಿಕೆಯಲ್ಲೇ ಇದ್ದ ಹಳೇ ಸೀರೆ ಮಡಚಿದ ಗೆರೆಯಲ್ಲಿ ಹರಿಯುದು ಜಾಸ್ತಿ, ಹಾಗಾಗಿ ಉಡುವ ಮೊದ್ಲು ಬೆಳಕಿಗೆ ಹಿಡ್ದು ಆ ಗೆರೆ ನೋಡಿ, ಸವೆದಿದ್ರೆ ಅಂಚು ಸೆರಗು ಉಳಿಸಿ ಮಗಳಿಗೆ ಕುರ್ತಿ ಹೊಲಿಸ್ಬಹುದು. ಗಟ್ಟಿ ಇದ್ದದ್ದಕ್ಕೆ ಹೊಸ ಫಾಲು ಹಚ್ಚಿ, ಫಾಲಿನ ಬಟ್ಟೆಯನ್ನೂ ಮೊದ್ಲು ನೆನೆಸಿಯೇ ಹಚ್ಬೇಕು, ಇಲ್ಲದಿದ್ರೆ ಅದು ಕುಗ್ಗಿ ಸೀರೆಯ ಕೆಳಗೆ ನೆರಿಗೆ ಬೀಳ್ತದೆ.

ಗಂಜಿ ಹಾಕುದು ಅಮ್ಮನ ಕಾಲದಷ್ಟು ಗಟ್ಟಿ ಬೇಡ, ಗಟ್ಟಿ ಗಂಜಿಯ ಸೀರೆ ಸೊಂಟದಲ್ಲಿ ಉಬ್ಬಿ ನಿಲ್ತದೆ, ಕೂತು ಎದ್ರೆ ಮುದ್ದೆ ಆಗ್ತದೆ. ಕುಚ್ಚಿಲಕ್ಕಿಯ ತೆಳಿ ಕೆಂಪು ಕಲೆ ಬಿಡ್ತದೆ, ಬೆಳ್ತಿಗೆ ಅಕ್ಕಿಯದ್ದೇ ತೆಗ್ದು, ಸೋಸಿ, ನೀರು ಬೆರೆಸಿ ಹಾಲಿಗಿಂತ ತೆಳು ಮಾಡಿ ಅದ್ದಿ, ನೆರಳಲ್ಲಿ ಒಣಗಿಸಿ. ಬ್ಯಾಂಕಿಗೆ ಹೋಗುವ ದಿನ ಭುಜಕ್ಕೆ ಒಂದು ಪಿನ್ನು, ಸೊಂಟದ ನೆರಿಗೆಗೆ ಒಂದು ಪಿನ್ನು, ಕೈಗೆ ವಾಚು. ನಿಮ್ಮ ಅಮ್ಮನ ಸೀರೆಯಲ್ಲಿ ಯಾವ ಬಣ್ಣ ಎಲ್ಲಾ ಉಂಟು ಅಂತ ಬರೀರಿ, ಬ್ಲೌಸಿನ ಬಟ್ಟೆ ಆರಿಸ್ಲಿಕ್ಕೆ ನಾನು ಹೇಳ್ತೇನೆ.